ರಾಜೀನಾಮೆ ಪತ್ರ ಬರೆಯುವ ಮುಂಚೆ

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ನಮ್ಮ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳ ಬರಹರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ 'ಮಹಿಳೆ ಮತ್ತು ಆರೋಗ್ಯ'. ಅದು ಬಹಳ ದೊಡ್ಡ ವಿಷಯ. ರಕ್ತಹೀನತೆ, ಮುಟ್ಟಿನ ತೊಂದರೆ, ಸಕ್ಕರೆ ಕಾಯಿಲೆ ಇವನ್ನೆಲ್ಲ ಹೋದ ಸಭೆಯಲ್ಲೇ ನರ್ಸಮ್ಮನವರು ಚೆನ್ನಾಗಿ ತಿಳಿಸಿದ್ದಾರೆ. ನಾನು ಒಂದೇ ಒಂದು ಸಂಗತಿ ಹೇಳಿ ಕೂತ್ಕೊಳ್ತೀನಿ. ಕೆಲಸದ ಜಾಗದ ಹೆದರಿಕೆಯಿಂದಲೇ ಕಾಯಿಲೆ ಬಿದ್ದು, ರಜೆ ಹಾಕಿ ಮನೆಯಲ್ಲಿ ಕೂತಿರುವಾಗ 'ಈ ಕೆಲಸವೇ ಬೇಡ, ಬಿಟ್ಟುಬಿಡ್ತೀನಿ' ಅಂತ ಅನ್ನಿಸುತ್ತದಲ್ಲ, ಆಗ ಏನು ಮಾಡಬೇಕು ಅನ್ನೋದು.

ಇಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು ಕೈ ಎತ್ತಿ ಅಂದರೆ ಅರ್ಧಕ್ಕೂ ಹೆಚ್ಚು ಕೈ ಏಳುತ್ತವೆ. ಬೆಂಗಳೂರು-ಮೈಸೂರು ರಸ್ತೆಯ ಉದ್ದಕ್ಕೂ, ರಾಮನಗರ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆ ಫ್ಯಾಕ್ಟರಿಗಳು ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಬೆಳಗ್ಗೆ ಕೋಳಿ ಕೂಗೋದಕ್ಕಿಂತ ವ್ಯಾನಿನ ಹಾರನ್ನೇ ಜಾಸ್ತಿ ಕೇಳಿಸುತ್ತೆ. ಅದರಿಂದ ಎಷ್ಟೋ ಮನೆಗಳಿಗೆ ಒಳ್ಳೇದಾಗಿದೆ, ನಮ್ಮ ಸಂಘಗಳ ಉಳಿತಾಯವೂ ಹೆಚ್ಚಿದೆ. ಇಲ್ಲ ಅನ್ನೋಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಒಕ್ಕೂಟದ ಒಬ್ಬ ತಂಗಿ ನನ್ನ ಮನೆಗೆ ಬಂದಳು. ಊರು, ಹೆಸರು ಹೇಳೋದಿಲ್ಲ. ಅವಳನ್ನು ಕೇಳಿಕೊಂಡೇ ಇಷ್ಟು ಹೇಳುತ್ತಿದ್ದೇನೆ. ಕೈಯಲ್ಲಿ ಮಗಳ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ, ಒಂದು ಪೆನ್ನು. "ಅಕ್ಕ, ಒಂದು ರಿಸೈನ್ ಲೆಟರ್ ಬರೆದುಕೊಡಿ. ನಾಳೆ ಬೆಳಗ್ಗೆ ವ್ಯಾನಿನಲ್ಲಿ ಹೋಗೋರ ಕೈಲಿ ಕಳಿಸಿಬಿಡ್ತೀನಿ. ಆ ಗೇಟಿನೊಳಗೆ ಕಾಲಿಡೋಕೆ ನನ್ನ ಕೈಲಾಗಲ್ಲ" ಅಂದಳು.

ಅವಳು ಕಾಲರ್ ಕೂರಿಸುವ ಟೈಲರ್. ಕೈ ಚುರುಕು, ನಾಲ್ಕು ವರ್ಷದಿಂದ ಒಂದೇ ಫ್ಯಾಕ್ಟರಿ. ಹೊಸ ಆರ್ಡರ್ ಬಂದ ಮೇಲೆ ಗಂಟೆಗೆ ಇಷ್ಟು ಪೀಸ್ ಅಂತ ಇದ್ದ ಟಾರ್ಗೆಟ್ ಏರಿಸಿದ್ದರು. ಕಡಿಮೆ ಆದರೆ ಸೂಪರ್‌ವೈಸರ್ ಎಲ್ಲರ ಎದುರಿಗೆ ಪೀಸನ್ನು ಮುಖದ ಮೇಲೆ ಎಸೆಯೋದು, ಹೆತ್ತವರನ್ನೆಲ್ಲ ಸೇರಿಸಿ ಬಯ್ಯೋದು. ಬಾತ್‌ರೂಮಿಗೆ ಹೋಗಿ ಬರೋದಕ್ಕೂ ನಿಮಿಷ ಎಣಿಸೋದು. ಮೊದಮೊದಲು ಭಾನುವಾರ ಸಂಜೆ ಆದರೆ ಹೊಟ್ಟೆ ತೊಳಸೋದಂತೆ. ಆಮೇಲೆ ವ್ಯಾನಿನ ಹಾರನ್ ಕೇಳಿದರೆ ಎದೆ ಡವಡವ. ಒಂದು ದಿನ ಮಿಷನ್ ಮುಂದೆಯೇ ಕೈಕಾಲು ಜೋಮು ಹಿಡಿದು, ಉಸಿರು ಸಿಗದೆ, ಸತ್ತೇಹೋದೆ ಅನ್ನಿಸಿಬಿಟ್ಟಿತು. ಎತ್ತಿಕೊಂಡು ಹೋಗಿ ಗ್ಲೂಕೋಸ್ ಕುಡಿಸಿದರು. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು "ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡ" ಅಂದರು. ಮನೆಯಲ್ಲಿ ಅತ್ತೆ ಗಾಳಿ ಸೋಕಿದೆ ಅಂತ ದಾರ ಕಟ್ಟಿಸಿದರು. ಕೊನೆಗೆ ಇ.ಎಸ್.ಐ. ಡಿಸ್ಪೆನ್ಸರಿಯ ಡಾಕ್ಟರು ಅವಳ ಮಾತನ್ನು ಪೂರ್ತಿ ಕೇಳಿ, ಇದು ಆತಂಕದ ಕಾಯಿಲೆ ಅಂತ ಹೇಳಿ, ಮಾತ್ರೆ ಬರೆದು, ರಜೆಗೆ ಸರ್ಟಿಫಿಕೇಟ್ ಕೊಟ್ಟರು. ಆ ರಜೆಯ ಎಂಟನೇ ದಿನ ಅವಳು ನನ್ನ ಮನೆಗೆ ಬಂದದ್ದು.

ಇಲ್ಲಿ ಒಂದು ಮಾತು. 'ಏನೂ ಇಲ್ಲ' ಅಂತ ಡಾಕ್ಟರು ಹೇಳಿದ್ದು ಹೃದಯಕ್ಕೆ ಏನೂ ಇಲ್ಲ ಅಂತ. ಕಾಯಿಲೆಯೇ ಇಲ್ಲ ಅಂತ ಅಲ್ಲ. ಹೊಲದಲ್ಲಿ ಹಾವು ಕಂಡರೆ ಎದೆ ಹೊಡೆದುಕೊಳ್ಳುತ್ತೆ, ಬೆವರುತ್ತೆ, ಕಾಲು ಓಡೋದಕ್ಕೆ ತಯಾರಾಗುತ್ತೆ. ದೇಹ ನಮ್ಮನ್ನು ಕಾಪಾಡುವ ರೀತಿ ಅದು. ದಿನಾ ಬೆಳಗ್ಗೆಯಿಂದ ಸಂಜೆವರೆಗೆ ತಲೆ ಮೇಲೆ ಒಬ್ಬರು ಕಿರುಚುತ್ತಾ ಇದ್ದರೆ ದೇಹ ಆ ಜಾಗವನ್ನೇ ಹಾವು ಅಂತ ತಿಳಿದುಕೊಂಡುಬಿಡುತ್ತೆ. ಆಮೇಲೆ ಹಾವಿಲ್ಲದಿದ್ದರೂ ಎದೆ ಹೊಡೆದುಕೊಳ್ಳುತ್ತೆ. ಇದಕ್ಕೆ ಔಷಧಿ ಇದೆ, ಮಾತಿನ ಚಿಕಿತ್ಸೆ ಇದೆ. ಥೈರಾಯಿಡ್ ಹೆಚ್ಚಾದರೂ, ರಕ್ತ ಕಡಿಮೆಯಾದರೂ ಹೀಗೇ ಎದೆ ಬಡಿದುಕೊಳ್ಳಬಹುದು, ಅದಕ್ಕೇ ಡಾಕ್ಟರು ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಮಾತ್ರೆ ನುಂಗಿದ ಮರುದಿನವೇ ಗುಣ ಕಾಣಲಿಲ್ಲ ಅಂತ ಬಿಡಬೇಡಿ. ಈ ಕಾಯಿಲೆಗೆ ಕೊಡುವ ಎಷ್ಟೋ ಮಾತ್ರೆಗಳು ಕೆಲಸ ತೋರಿಸೋಕೆ ಎರಡು ವಾರ, ಒಂದು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತೆ. ಡಾಕ್ಟರನ್ನು ಕೇಳದೆ ನಿಲ್ಲಿಸಲೂಬಾರದು.

ಈಗ ಲೆಕ್ಕ ಹಾಕಿ. ಔಷಧಿ ಹಿಡಿಯೋಕೆ ಒಂದು ತಿಂಗಳು ಬೇಕು. ಅವಳು ಕೆಲಸ ಬಿಡುವ ತೀರ್ಮಾನ ಮಾಡಿದ್ದು ಎಂಟನೇ ದಿನ. ಆ ತೀರ್ಮಾನ ಮಾಡಿದ್ದು ಅವಳಾ, ಅವಳ ಕಾಯಿಲೆನಾ?

ಇದನ್ನು ನಾನು ಪುಸ್ತಕ ಓದಿ ಹೇಳ್ತಾ ಇಲ್ಲ. ಸಂಸ್ಥೆಯ ಕೆಲಸಕ್ಕೆ ಸೇರುವ ಮುಂಚೆ ನಾನೂ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ನಲ್ಲೇ ಇದ್ದವಳು. 2009ರಲ್ಲಿ ನನಗೂ ಹೀಗೇ ಆಯಿತು. ಆಗ ಇದಕ್ಕೆ ಒಂದು ಹೆಸರಿದೆ ಅನ್ನೋದೂ ನನಗೆ ಗೊತ್ತಿರಲಿಲ್ಲ. ಜ್ವರ ಅಂತ ಸುಳ್ಳು ಹೇಳಿ ರಜೆ ಹಾಕಿದೆ. ನಾಲ್ಕನೇ ದಿನ ನಾಲ್ಕು ಸಾಲು ಬರೆದು ಪಕ್ಕದ ಮನೆಯವಳ ಕೈಲಿ ಕಳಿಸಿದೆ, ಕೆಲಸ ಮುಗಿಯಿತು. ಆ ರಾತ್ರಿ ಎಷ್ಟು ಒಳ್ಳೆ ನಿದ್ದೆ ಬಂತು ಅಂತೀರಿ! ಅದನ್ನೇ ಗುಣವಾಯ್ತು ಅಂದುಕೊಂಡೆ. ಒಂದು ತಿಂಗಳೂ ಆಗಲಿಲ್ಲ, ಅದೇ ಎದೆಬಡಿತ ಬಸ್ ಸ್ಟ್ಯಾಂಡಿನಲ್ಲಿ ಬಂತು, ಸಂತೆಯಲ್ಲಿ ಬಂತು, ಫೋನ್ ರಿಂಗಾದರೆ ಬಂತು. ಹೆದರಿದ ಜಾಗದಿಂದ ಓಡಿಹೋದರೆ ಆ ಗಳಿಗೆಗೆ ಹಾಯ್ ಅನ್ನಿಸುತ್ತೆ, ಆದರೆ ಹೆದರಿಕೆ ನಮ್ಮ ಜೊತೆಗೇ ಬಂದಿರುತ್ತೆ. ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ನನ್ನ ಸೇವೆ ನಾಲ್ಕು ವರ್ಷ ಐದು ತಿಂಗಳು ಆಗಿತ್ತು. ಇನ್ನು ಏಳು ತಿಂಗಳು ಇದ್ದಿದ್ದರೆ ಗ್ರಾಚ್ಯುಟಿ ಸಿಗುತ್ತಿತ್ತು. ಆಗಿನ ಸಂಬಳ ಮೂರು ಸಾವಿರದ ಚಿಲ್ಲರೆ, ಸುಮಾರು ಒಂಬತ್ತು ಸಾವಿರ ಬರಬೇಕಿತ್ತು. ಆ ವರ್ಷ ಮಗನ ಸ್ಕೂಲ್ ಫೀಸಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯಲ್ಲಿ ಸಾಲ ತೆಗೆದಿದ್ದೆ. ಆ ಸಾಲ ತೀರಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿ ಹೋಯಿತು.

ಅದಕ್ಕೇ ಆ ತಂಗಿಗೆ "ಬರೆದುಕೊಡ್ತೀನಿ ಕಣಮ್ಮ, ಕೂತ್ಕೋ" ಅಂದೆ. ಬರೆಯಲ್ಲ ಅಂದಿದ್ದರೆ ಇನ್ನೊಬ್ಬರ ಹತ್ತಿರ ಹೋಗುತ್ತಿದ್ದಳು. ಅವಳು ಹೇಳಿದ ಹಾಗೇ ಬರೆದೆ. ಓದಿ ಹೇಳಿದೆ. ಅವಳು ಅತ್ತಳು. ಆಮೇಲೆ "ಸೈನ್ ಮಾತ್ರ ಇವತ್ತು ಹಾಕಬೇಡ. ಸೈನ್ ಇಲ್ಲದ ಕಾಗದ ಬರೀ ಕಾಗದ. ಇದು ಸಂಘದ ಟ್ರಂಕಿನಲ್ಲಿ ಇರಲಿ. ನಿನ್ನ ರಜೆ ಮುಗಿದ ಮೇಲೆ ಬಂದು ಕೇಳು, ಒಂದು ಮಾತೂ ಆಡದೆ ಕೊಡ್ತೀನಿ" ಅಂದೆ. ಒಪ್ಪಿದಳು.

ರಜೆ ಬೇರೆ, ರಾಜೀನಾಮೆ ಬೇರೆ. ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಫ್ಯಾಕ್ಟರಿಗೆ ಹೋಗೋಕಾಗಲ್ಲ ಅನ್ನುವವರಿಗೆ ಮೊದಲು ಬೇಕಾಗಿರುವುದು ರಜೆ. ಅದಕ್ಕೆ ದಾರಿ ಇದೆ. ನಿಮ್ಮ ಸಂಬಳದಲ್ಲಿ ಪ್ರತಿ ತಿಂಗಳು ನೂರಕ್ಕೆ 75 ಪೈಸೆ ಇ.ಎಸ್.ಐ.ಗೆ ಹಿಡಿಯುತ್ತಾರೆ, ಮಾಲೀಕರು ನೂರಕ್ಕೆ 3 ರೂಪಾಯಿ 25 ಪೈಸೆ ಸೇರಿಸುತ್ತಾರೆ. ಅದು ಬರೀ ಔಷಧಿಗಲ್ಲ. ಆರು ತಿಂಗಳ ಕಂತಿನ ಅವಧಿಯಲ್ಲಿ ಕನಿಷ್ಠ 78 ದಿನದ ಹಣ ಕಟ್ಟಿದ್ದರೆ, ಅದಕ್ಕೆ ಸೇರಿದ ಮುಂದಿನ ಅವಧಿಯಲ್ಲಿ ಕಾಯಿಲೆ ಬಿದ್ದಾಗ ಇ.ಎಸ್.ಐ. ಡಾಕ್ಟರ ಸರ್ಟಿಫಿಕೇಟಿನ ಮೇಲೆ ದಿನಗೂಲಿಯ ನೂರಕ್ಕೆ 70ರಷ್ಟು ಕೊಡುತ್ತಾರೆ, ವರ್ಷಕ್ಕೆ 91 ದಿನದವರೆಗೆ. ಲೆಕ್ಕ ಸುಲಭ ಆಗಲಿ ಅಂತ ದಿನಕ್ಕೆ 400 ರೂಪಾಯಿ ಅಂದುಕೊಳ್ಳಿ, ಆಗ ದಿನಕ್ಕೆ 280 ರೂಪಾಯಿ ಬರುತ್ತೆ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಸಿಗಲ್ಲ. ಮನಸ್ಸಿನ ಕಾಯಿಲೆಗೆ ಕೊಡಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಾಕ್ಟರು ಕೆಲಸಕ್ಕೆ ಹೋಗಬಾರದು ಅಂತ ಬರೆದುಕೊಟ್ಟರೆ ಕಾಯಿಲೆ ಕಾಯಿಲೆಯೇ.

ಆ ಹಣ ಖಾತೆಗೆ ಬೀಳೋಕೆ ಓಡಾಟ ಇದೆ, ತಡವೂ ಆಗುತ್ತೆ. ಅದನ್ನು ಮುಚ್ಚಿಡಲ್ಲ. ಸರ್ಟಿಫಿಕೇಟಿನ ಜೆರಾಕ್ಸ್ ಇಟ್ಟುಕೊಳ್ಳಿ. ಫ್ಯಾಕ್ಟರಿಗೆ ರಜಾಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ, ಇಲ್ಲದಿದ್ದರೆ ಎಚ್.ಆರ್. ನಂಬರಿಗೆ ವಾಟ್ಸಾಪ್ ಫೋಟೋ ಆದರೂ ಕಳಿಸಿ. ಹೇಳದೆ ಕೇಳದೆ ಎಂಟು ಹತ್ತು ದಿನ ಮನೆಯಲ್ಲಿ ಕೂತರೆ 'ತಾನಾಗೇ ಕೆಲಸ ಬಿಟ್ಟಳು' ಅಂತ ಬರೆದುಕೊಂಡುಬಿಡುತ್ತಾರೆ. ಆಗ ನೀವು ರಾಜೀನಾಮೆ ಕೊಡದಿದ್ದರೂ ಕೊಟ್ಟ ಹಾಗೇ ಆಗುತ್ತೆ. ಇನ್ನೂ ಒಂದು: ರಜೆಯಲ್ಲಿರುವಾಗ ಕರೆಸಿ 'ಸುಮ್ಮನೆ ಇಲ್ಲೊಂದು ಸೈನ್ ಹಾಕಮ್ಮ' ಅಂದರೆ ಹಾಕಬೇಡಿ. ಮನೆಗೆ ತಂದು ಓದಿಸಿ. ಖಾಲಿ ಹಾಳೆಗಂತೂ ಯಾವತ್ತೂ ಬೇಡ. ನೀವಾಗಿ ಬಿಟ್ಟಿರಿ ಅಂತ ಕಾಗದ ಆದ ಮೇಲೆ, ಅವರು ತೆಗೆದುಹಾಕಿದ್ದರೆ ಕೇಳಬಹುದಾಗಿದ್ದ ಪರಿಹಾರವನ್ನು ಕೇಳೋಕೆ ಬಾಯಿರೋದಿಲ್ಲ.

ಗ್ರಾಚ್ಯುಟಿ ಬಗ್ಗೆ ಹೇಳಿದೆನಲ್ಲ. ಕಾಯಂ ಕೆಲಸದವರಿಗೆ ಸೇವೆ ಐದು ವರ್ಷ ತುಂಬಿರಬೇಕು. ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಲೆಕ್ಕ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 12,000 ರೂಪಾಯಿ ಇದ್ದರೆ ಐದು ವರ್ಷಕ್ಕೆ 34,600 ರೂಪಾಯಿಗೆ ಸ್ವಲ್ಪ ಹೆಚ್ಚು. ಫ್ಯಾಕ್ಟರಿ ಬದಲಾಯಿಸಿದರೆ ಈ ಲೆಕ್ಕ ಮತ್ತೆ ಒಂದರಿಂದ ಶುರು.

ಪಿ.ಎಫ್. ಕಥೆ ಬೇರೆ. ನಮ್ಮಲ್ಲಿ ಎಷ್ಟೋ ಜನ ಕೆಲಸ ಬಿಡೋದೇ ಪಿ.ಎಫ್. ಹಣಕ್ಕಾಗಿ. ಮಗಳ ಮದುವೆ, ಸಾಲಗಾರರ ಕಾಟ, ಅದರ ಮೇಲೆ ಸೂಪರ್‌ವೈಸರ್ ಕಾಟ, ಎಲ್ಲ ಸೇರಿ 'ಬಿಟ್ಟರೆ ಪಿ.ಎಫ್. ಆದರೂ ಬರುತ್ತೆ' ಅನ್ನಿಸುತ್ತೆ. ಆ ಹಣ ನಮಗೆ ಎಷ್ಟು ಮುಖ್ಯ ಅನ್ನೋದು 2016ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಗೊತ್ತಾಯಿತು. ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅನ್ನುವ ನಿಯಮ ಬರುತ್ತೆ ಅಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು, ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಆ ಧೈರ್ಯ ನಮಗೆ ಇದೆ. ಆದರೆ ಕಾಯಿಲೆಗೆ ಕೆಲಸ ಬಿಡದೆಯೂ ಪಿ.ಎಫ್.ನಿಂದ ಸ್ವಲ್ಪ ಹಣ ತೆಗೆಯಬಹುದು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹತ್ತು ವರ್ಷದ ಸೇವೆ ಆದರೆ 58ಕ್ಕೆ ಪಿಂಚಣಿ ಇದೆ ಅನ್ನೋದೂ ಗೊತ್ತಿಲ್ಲ. ಫ್ಯಾಕ್ಟರಿ ಬದಲಾದರೂ ಯು.ಎ.ಎನ್. ನಂಬರ್ ಒಂದೇ ಇಟ್ಟುಕೊಂಡು, ಪಿಂಚಣಿ ಹಣ ತೆಗೆಯದೆ ಇದ್ದರೆ ಆ ಸೇವೆ ಕೂಡುತ್ತಾ ಹೋಗುತ್ತೆ. ಹಣ ತೆಗೆಯುವ ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಯಾವ ನಿಯಮ ಇದೆ ಅಂತ ಪಿ.ಎಫ್. ಕಚೇರಿಯಲ್ಲೇ ಕೇಳಿ, ಸೈಬರ್ ಸೆಂಟರಿನವನು ಹೇಳಿದ್ದನ್ನೇ ವೇದವಾಕ್ಯ ಅಂದುಕೊಳ್ಳಬೇಡಿ.

ಇಷ್ಟು ಹೇಳಿದ್ದಕ್ಕೆ, ಏನಾದರೂ ಆಗಲಿ ಕೆಲಸ ಬಿಡಲೇಬೇಡಿ ಅಂತ ನಾನು ಹೇಳ್ತಿದ್ದೀನಿ ಅಂತ ತಿಳಿಯಬೇಡಿ. ಬಿಡಬೇಕಾದ ಕೆಲಸಗಳೂ ಇವೆ. ನನಗೆ ಗೊತ್ತಿರುವ ಇನ್ನೊಬ್ಬ ಅಕ್ಕ ಮೂರು ತಿಂಗಳು ಚಿಕಿತ್ಸೆ ತಗೊಂಡರು, ವಾಪಸ್ ಹೋದರು, ಬ್ಯಾಚ್ ಬದಲಾಯಿಸಿ ಅಂತ ಎರಡು ಸಲ ಬರೆದು ಕೊಟ್ಟರು. ಬದಲಾಯಿಸಲಿಲ್ಲ. ಗಂಡನ ಜೊತೆ ಕೂತು ಲೆಕ್ಕ ಬರೆದರು: ತಿಂಗಳಿಗೆ ಮನೆಗೆ ಎಷ್ಟು ಬೇಕು, ಸಂಘದ ಕಂತು ಎಷ್ಟು, ಊರಲ್ಲಿ ಬ್ಲೌಸ್ ಹೊಲಿದರೆ ಎಷ್ಟು ಬರುತ್ತೆ. ಆಮೇಲೆ ಬಿಟ್ಟರು. ಗಳಿಕೆ ಮೊದಲಿಗಿಂತ ಕಡಿಮೆ, ಅದನ್ನು ಅವರೇ ಹೇಳ್ತಾರೆ. ಆದರೆ ಬಿಟ್ಟಿದ್ದಕ್ಕೆ ಪಶ್ಚಾತ್ತಾಪ ಇಲ್ಲ, ರಾತ್ರಿ ನಿದ್ದೆ ಬರುತ್ತೆ. ನಾನು ನಾಲ್ಕನೇ ದಿನ ಕತ್ತಲಲ್ಲಿ ಬಿಟ್ಟೆ, ಅವರು ದೀಪ ಹಚ್ಚಿಕೊಂಡು ನೋಡಿ ಬಿಟ್ಟರು.

ಸೂಪರ್‌ವೈಸರ್ ಆಗಲಿ ಇನ್ಯಾರೇ ಆಗಲಿ ಮೈ ಮುಟ್ಟೋದು, ಕೊಳಕು ಮಾತಾಡೋದು ಮಾಡಿದ್ದರಿಂದ ಈ ಕಾಯಿಲೆ ಬಂದಿದ್ದರೆ ಆಗ ವಿಷಯವೇ ಬೇರೆ. ಅಲ್ಲಿ ಸಹಿಸಿಕೊಂಡು ಇರಿ ಅಂತ ನಾನು ಹೇಳೋದಿಲ್ಲ. 2013ರ ಕಾನೂನಿನ ಪ್ರಕಾರ ಹತ್ತು ಜನ ಇರುವ ಯಾವ ಕೆಲಸದ ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು. ಮೂರು ತಿಂಗಳ ಒಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು, ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ವಿಚಾರಣೆ ನಡೆಯುವಾಗ ನಿಮಗೆ ಬೇರೆ ಕಡೆ ಕೆಲಸ ಕೊಡಿ ಅಂತಲೋ, ಮೂರು ತಿಂಗಳವರೆಗೆ ರಜೆ ಕೊಡಿ ಅಂತಲೋ ಸಮಿತಿ ಶಿಫಾರಸು ಮಾಡಬಹುದು. ಅಂಥ ಸಂದರ್ಭದಲ್ಲಿ ನಾಚಿಕೆಯಿಂದ ಸುಮ್ಮನೆ ಕೆಲಸ ಬಿಟ್ಟು ಬಂದರೆ, ನಿಮ್ಮ ಮಿಷನ್ನಿಗೆ ನಾಳೆ ಇನ್ನೊಂದು ಹೆಣ್ಣುಮಗು ಬಂದು ಕೂರುತ್ತೆ. ಬಿಡೋದಾದರೂ ದೂರು ಬರೆದೇ ಬಿಡಿ. ಬರೆಯೋಕೆ ನಾವು ಜೊತೆಗಿರುತ್ತೇವೆ.

ಈಗ ನಮ್ಮ ಸಂಘಗಳ ಕಡೆ ಬರ್ತೀನಿ, ಸ್ವಲ್ಪ ಬೇಜಾರಾದರೂ ಕೇಳಿಸಿಕೊಳ್ಳಿ. ಆ ತಂಗಿ ಮೂರು ವಾರ ಸಭೆಗೆ ಬಂದಿರಲಿಲ್ಲ. ನಾವೇನು ಮಾಡಿದ್ದೆವು? ವಾರಕ್ಕೆ ಹತ್ತು ರೂಪಾಯಿಯಂತೆ ದಂಡ ಬರೆದಿದ್ದೆವು. ಕಂತು ತಪ್ಪಿದ್ದಕ್ಕೆ ಇಬ್ಬರು ಅವಳ ಮನೆ ಬಾಗಿಲಿಗೂ ಹೋಗಿ ಬಂದಿದ್ದರು. ಯಾಕೆ ಬರಲಿಲ್ಲ ಅಂತ ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಸೇರಿದಂತೆ. ಕೆಲಸಕ್ಕೆ ಹೋಗದಿದ್ದರೆ ಫ್ಯಾಕ್ಟರಿ ಭಯ, ಮನೆಯಲ್ಲಿದ್ದರೆ ಸಂಘದ ಭಯ. ಅವಳು ಎಲ್ಲಿಗೆ ಹೋಗಬೇಕು?

ಮುಂದಿನ ವಾರ ಸಂಘದಲ್ಲಿ ಕೂತು ಮಾತಾಡಿದರು. ಎರಡು ತಿಂಗಳು ಬಡ್ಡಿ ಮಾತ್ರ ಕಟ್ಟಲಿ, ಅಸಲು ಆಮೇಲೆ ನೋಡೋಣ ಅಂತ ನಡವಳಿ ಪುಸ್ತಕದಲ್ಲಿ ನಿರ್ಣಯ ಬರೆದರು. ಇ.ಎಸ್.ಐ. ಹಣ ಬರುವವರೆಗೆ ಒಳಸಾಲ ಎರಡು ಸಾವಿರ ಕೊಟ್ಟರು. ಕಾಯಿಲೆ ಏನು ಅಂತ ಪುಸ್ತಕದಲ್ಲಿ ಬರೆಯಲಿಲ್ಲ, 'ಅನಾರೋಗ್ಯ' ಅಂತ ಮಾತ್ರ ಬರೆದರು. ಇದು ಬಹಳ ಮುಖ್ಯ. ಒಬ್ಬಳ ಮನಸ್ಸಿನ ಕಾಯಿಲೆ ಊರ ಬಾವಿಕಟ್ಟೆಯ ಮಾತಾಗಬಾರದು. ಡಾಕ್ಟರ ಹತ್ತಿರ ಹೋಗುವಾಗ ಪ್ರತಿ ಸಲ ಒಬ್ಬರು ಜೊತೆಗೆ ಹೋದರು, ಯಾಕೆಂದರೆ ಬಸ್ಸಿನಲ್ಲೂ ಅವಳಿಗೆ ಉಸಿರು ಕಟ್ಟುತ್ತಿತ್ತು.

ಇ.ಎಸ್.ಐ. ಇಲ್ಲದವರು, ಮನೆಗೆಲಸದವರು, ತೋಟದ ಕೆಲಸದವರು ನಮಗೇನು ಅಂತ ಕೇಳಬಹುದು. ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ದಿನ ನಡೆಯುತ್ತೆ ಅಂತ ಆಶಾ ಕಾರ್ಯಕರ್ತೆಯರನ್ನು ಕೇಳಿ, ಮನೋವೈದ್ಯರು ಅಲ್ಲಿಗೆ ಬರುತ್ತಾರೆ. ಫೋನಿನಲ್ಲಾದರೆ 14416, ಟೆಲಿ ಮಾನಸ್ ಅಂತ. 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನುವ ಯೋಚನೆ ಬಂದರೆ ರಜೆ, ರಾಜೀನಾಮೆ ಯಾವುದನ್ನೂ ಯೋಚಿಸದೆ ಅವತ್ತೇ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಹೋಗಿ.

ಆ ತಂಗಿ ರಜೆ ಮುಗಿದ ದಿನ ಬಂದು ಕಾಗದ ಕೇಳುತ್ತಾಳೆ ಅಂದುಕೊಂಡಿದ್ದೆ. ಬಂದಳು, ರಜೆ ಇನ್ನೂ ಎರಡು ವಾರ ಮುಂದಕ್ಕೆ ಹಾಕಿದ್ದಾರೆ ಅಂತ ಹೇಳಿ ಹೋದಳು. ಹೀಗೇ ಒಟ್ಟು ಒಂಬತ್ತು ವಾರ ಆಯಿತು. ಆಮೇಲೆ ಅವಳ ಗಂಡನೂ, ನಮ್ಮ ಒಕ್ಕೂಟದ ಅಧ್ಯಕ್ಷೆಯೂ ಜೊತೆಗೆ ಹೋಗಿ ಎಚ್.ಆರ್. ಹತ್ತಿರ ಮಾತಾಡಿದರು, ಡಾಕ್ಟರ ಚೀಟಿ ತೋರಿಸಿದರು. ಬೇರೆ ಲೈನಿಗೆ ಹಾಕಿದರು. ಈಗ ಕಫ್ ಹೊಲಿಯುತ್ತಾಳೆ. ಮೊದಲ ವಾರ ಗೇಟಿನ ಹತ್ತಿರ ಎದೆ ಹೊಡೆದುಕೊಂಡಿತಂತೆ, ನಿಂತು ನಿಧಾನಕ್ಕೆ ಉಸಿರು ಬಿಟ್ಟು ಒಳಗೆ ಹೋದಳಂತೆ. ಈಗಲೂ ಒಂದೊಂದು ಸೋಮವಾರ ಕಷ್ಟ. ಮಾತ್ರೆ ನಡೀತಾ ಇದೆ.

ಹೋದ ತಿಂಗಳು ಲೆಕ್ಕದ ಪುಸ್ತಕ ತೆಗೆಯುವಾಗ ಟ್ರಂಕಿನಲ್ಲಿ ಆ ಕಾಗದ ಸಿಕ್ಕಿತು. "ಏನಮ್ಮ, ಹರಿದು ಹಾಕಲಾ?" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಬೇಡ ಅಕ್ಕ, ಅಲ್ಲೇ ಇರಲಿ. ಬರೋ ದೀಪಾವಳಿಗೆ ಐದು ವರ್ಷ ತುಂಬುತ್ತೆ, ಆಗ ನೋಡೋಣ" ಅಂದಳು. ಮತ್ತೆ ಟ್ರಂಕಿಗೇ ಹಾಕಿ ಬೀಗ ಹಾಕಿದೆ.

ಮುಂದಿನ ಸಭೆಗೆ ಬರುವಾಗ ಫ್ಯಾಕ್ಟರಿಗೆ ಹೋಗುವವರೆಲ್ಲ ಇ.ಎಸ್.ಐ. ಕಾರ್ಡು, ಯು.ಎ.ಎನ್. ನಂಬರ್, ಕೆಲಸಕ್ಕೆ ಸೇರಿದ ತಾರೀಖು ಬರೆದುಕೊಂಡು ಬನ್ನಿ. ಯಾರ ಸೇವೆ ಎಷ್ಟಾಗಿದೆ ಅಂತ ಎಲ್ಲರೂ ಸೇರಿ ಲೆಕ್ಕ ಹಾಕೋಣ. ಈಗ ಏನಾದರೂ ಕೇಳೋದಿದ್ದರೆ ಕೇಳಿ. ಎಲ್ಲರ ಮುಂದೆ ಕೇಳೋಕೆ ಆಗದವರು ಊಟದ ಹೊತ್ತಿಗೆ ಹಿಂದಿನ ಕೋಣೆಗೆ ಬನ್ನಿ, ನಾನು ಅಲ್ಲಿರ್ತೀನಿ.